ಪಲ್ಲವಿಗೆ ಮರಳುವುದು

ತೀರ್ಥಹಳ್ಳಿ ಸೀಮೆ
ಪುಷ್ಯ ಮಳೆಯ ಎರಡನೆಯ ವಾರ

ಚಿರಂಜೀವಿ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಮಳೆ ಹಿಡಿದು ಹನ್ನೊಂದು ದಿನವಾಯಿತು. ತೋಟದ ಬಸಿಗಾಲುವೆಗಳು ತುಂಬಿ ಹರಿಯುತ್ತಿವೆ, ಎರಡನೆಯ ಸಲದ ಔಷಧಿ ಹೊಡೆಯಲು ಹೊಳವು ಸಿಗದೆ ನಿನ್ನ ದೊಡ್ಡಪ್ಪ ಆಕಾಶ ನೋಡುತ್ತ ಜಗಲಿಯಲ್ಲೇ ಕುಳಿತಿದ್ದಾರೆ.

ನಿನ್ನ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿ ಕೈಸೇರಿತು. ಎರಡು ಸಲ ಓದಿದೆ. ಮೊದಲ ಸಲ ಒಂದೇ ರಾತ್ರಿಯಲ್ಲಿ, ಕರೆಂಟು ಹೋದ ಮೇಲೂ ಟಾರ್ಚ್ ಹಿಡಿದುಕೊಂಡು. ಎರಡನೆಯ ಸಲ ನಾಲ್ಕು ದಿನ, ಪೆನ್ಸಿಲ್ ಹಿಡಿದುಕೊಂಡು. ಟಾರ್ಚ್ ಬೆಳಕಿನಲ್ಲಿ ಓದಿಸಿಕೊಂಡಿತು ಎಂದರೆ ಅದಕ್ಕೆ ಜೀವವಿದೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದು.

ಬೆಂಗಳೂರಿನ ನಿಮ್ಮ ಬರಹಗಾರರ ಗುಂಪಿನಲ್ಲಿ ಕೊನೆಯ ಅಧ್ಯಾಯ ಓದಿದಾಗ ಒಬ್ಬರು ‘ಇದು ಮೋಸ’ ಎಂದರು, ಇನ್ನೊಬ್ಬರು ‘ಪತ್ತೇದಾರಿ ಎಲ್ಲಿಯ ಸಾಹಿತ್ಯ’ ಎಂದರು, ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ಬರೆದಿದ್ದೀಯೆ. ಎರಡನೆಯವರ ಮಾತನ್ನು ಆಮೇಲೆ ನೋಡೋಣ. ಮೊದಲನೆಯವರು ಹೇಳಿದ್ದು ಸರಿ, ಮಗಳೇ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಮುಂಬೈಯಿಂದ ಬಂದಿಳಿಯುವ ದಾಯಾದಿಯೇ ಕೊಲೆಗಾರನಾದರೆ, ಅಲ್ಲಿಯವರೆಗೆ ನಿನ್ನನ್ನು ನಂಬಿ ಹಿಂದೆ ಬಂದ ಓದುಗ ಏನು ಮಾಡಬೇಕು? ಅವನ ಮುಖವನ್ನು ನೀನು ತೋರಿಸಿಯೇ ಇರಲಿಲ್ಲವಲ್ಲ.

ನನಗೂ ಹೀಗೆ ಆಗಿತ್ತು. ಶಿವಮೊಗ್ಗದಲ್ಲಿ ತಿಂಗಳ ಎರಡನೆಯ ಭಾನುವಾರ ನಾವು ಏಳೆಂಟು ಜನ ಸೇರುವುದು ನಿನಗೆ ಗೊತ್ತು. ಬರೆದವರು ಗಟ್ಟಿಯಾಗಿ ಓದಬೇಕು, ಎಲ್ಲರೂ ಮಾತಾಡಿ ಮುಗಿಸುವವರೆಗೆ ಬಾಯಿ ತೆರೆಯಬಾರದು ಎಂಬುದೊಂದೇ ನಿಯಮ. ನನ್ನ ಮೂರನೆಯ ಕಾದಂಬರಿಯಲ್ಲಿ ಒಂದು ಪತ್ರದ ವಿಷಯವನ್ನು ಕೊನೆಯವರೆಗೂ ಬಚ್ಚಿಟ್ಟಿದ್ದೆ. ಪತ್ತೇದಾರ ಅದನ್ನು ಮೂರನೆಯ ಅಧ್ಯಾಯದಲ್ಲೇ ಓದಿರುತ್ತಾನೆ, ಓದುಗನಿಗೆ ಮಾತ್ರ ತೋರಿಸಿರಲಿಲ್ಲ. ಓದಿ ಮುಗಿಸಿದಾಗ ಕಣ್ಣು ಮುಚ್ಚಿ ಕೇಳುತ್ತಿದ್ದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ಹೇಳಿದರು: “ಮೂರು ತಿಂಗಳಿಂದ ಪಕ್ಕದಲ್ಲಿ ಕುಳಿತು ಕೇಳಿದ್ದೇನೆ. ನಿಮಗೆ ಗೊತ್ತಿತ್ತು, ನನಗೆ ಹೇಳಲಿಲ್ಲ.” ಅಷ್ಟೇ. ತೀರ್ಥಹಳ್ಳಿ ಬಸ್ಸಿನಲ್ಲಿ ಮಂಡಗದ್ದೆ ದಾಟುವವರೆಗೂ ಕಣ್ಣೊರೆಸಿಕೊಳ್ಳುತ್ತಿದ್ದೆ. ಆದರೆ ಮುಂದಿನ ತಿಂಗಳು ಹೋದೆ. ಇಪ್ಪತ್ತೆರಡು ವರ್ಷದಿಂದ ಹೋಗುತ್ತಲೇ ಇದ್ದೇನೆ. ಇಂಗ್ಲೆಂಡಿನ ಪತ್ತೇದಾರಿ ಲೇಖಕರು 1930ರಲ್ಲಿ ಡಿಟೆಕ್ಷನ್ ಕ್ಲಬ್ ಕಟ್ಟಿಕೊಂಡು, ಮುಖ್ಯ ಸುಳಿವನ್ನು ಓದುಗನಿಂದ ಮುಚ್ಚಿಡುವುದಿಲ್ಲವೆಂದು ಪ್ರಮಾಣ ಮಾಡುತ್ತಿದ್ದರು. ನಮ್ಮ ಶಿವಮೊಗ್ಗದ ಕರ್ನಾಟಕ ಸಂಘ ಹುಟ್ಟಿದ್ದೂ ಅದೇ ವರ್ಷ. ಬರೆಯುವವರಿಗೆ ಕೂತು ಕೇಳುವ ನಾಲ್ಕು ಕಿವಿ ಬೇಕೆಂಬುದು ಅಲ್ಲಿಯವರಿಗೂ ಇಲ್ಲಿಯವರಿಗೂ ಗೊತ್ತಿತ್ತು. ಆ ಗುಂಪನ್ನು ಬಿಡಬೇಡ.

ಸುಳಿವನ್ನು ಮುಚ್ಚಿಡದೆ ಗುಟ್ಟನ್ನು ಕಾಯುವುದು ಹೇಗೆ ಎಂಬುದನ್ನು ನಾನು ಕಲಿತದ್ದು ಪುಸ್ತಕಗಳಿಂದಲ್ಲ, ಅಮೆರಿಕದ ಜಾಜ್ ಸಂಗೀತ ಕೇಳಿ.

ಮದುವೆಯಾಗಿ ಈ ಮನೆಗೆ ಬಂದ ಮೊದಲ ಮಳೆಗಾಲ. ನಿನ್ನ ದೊಡ್ಡಪ್ಪನ ಹಳೆಯ ರೇಡಿಯೋದಲ್ಲಿ ಶಾರ್ಟ್‌ವೇವ್ ಮುಳ್ಳು ತಿರುಗಿಸುತ್ತಿದ್ದಾಗ ಒಂದು ರಾತ್ರಿ ವಾಯ್ಸ್ ಆಫ್ ಅಮೆರಿಕಾ ಸಿಕ್ಕಿತು. ವಿಲ್ಲಿಸ್ ಕಾನೋವರ್ ಎಂಬಾತ 1955ರಿಂದ ನಡೆಸಿಕೊಂಡು ಬಂದಿದ್ದ ಜಾಜ್ ಕಾರ್ಯಕ್ರಮ. ಇಂಗ್ಲಿಷ್ ಚೆನ್ನಾಗಿ ಬರದ ದೇಶಗಳವರಿಗೂ ತಿಳಿಯಲೆಂದು ಆತ ಗಂಭೀರ ದನಿಯಲ್ಲಿ ಒಂದೊಂದೇ ಮಾತನ್ನು ಬಿಡಿಸಿ ಆಡುತ್ತಿದ್ದ. ಹೆಂಚಿನ ಮೇಲೆ ಮಳೆಯ ಸದ್ದು, ಅದರ ನಡುವೆ ಅಲೆಯಂತೆ ಏರುತ್ತ ಇಳಿಯುತ್ತ ಬರುವ ಕಹಳೆ. ಮೊದಮೊದಲು ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಒಂದು ದಿನ ಹೊಳೆಯಿತು: ಇದು ತಾಳಮದ್ದಲೆ! ಭಾಗವತರು ಪದ್ಯ ಹೇಳುತ್ತಾರೆ, ಪದ್ಯ ಎಲ್ಲರಿಗೂ ಗೊತ್ತಿರುವುದೇ. ಅರ್ಥಧಾರಿ ಅದನ್ನು ಹಿಡಿದು, ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ಕರ್ಣನನ್ನು ಕಟ್ಟುತ್ತಾನೆ. ಎದುರಿನವನು ಏನು ಕೇಳುತ್ತಾನೋ ಅದಕ್ಕೆ ಉತ್ತರ ಕೊಡುತ್ತಾನೆ. ಎಲ್ಲಿಗೆ ಹೋದರೂ ಪ್ರಸಂಗ ಬಿಡುವಂತಿಲ್ಲ. ಜಾಜ್‌ನವರು ಮಾಡುವುದೂ ಅದನ್ನೇ. ಮೊದಲು ಎಲ್ಲರೂ ಕೂಡಿ ಧಾಟಿ ನುಡಿಸಿ ತೋರಿಸುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಅದರ ಮೇಲೆ ಅಲೆದಾಡುತ್ತಾರೆ, ಕೊನೆಗೆ ಕೂಡಿ ಅದೇ ಧಾಟಿಗೆ ಮರಳುತ್ತಾರೆ.

ಜಾಜ್ ಕಹಳೆಗಾರ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಎಂಬ ಧ್ವನಿಮುದ್ರಿಕೆ ಕೇಳು. ನಿನ್ನ ಮೊಬೈಲಿನಲ್ಲೇ ಸಿಗುತ್ತದೆ. 1959ರಲ್ಲಿ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಎರಡೇ ದಿನ ಕುಳಿತು ಮುಗಿಸಿದ್ದು, ಮಾರ್ಚ್ 2 ಮತ್ತು ಏಪ್ರಿಲ್ 22. ವಾದಕರ ಕೈಗೆ ಆತ ಕೊಟ್ಟದ್ದು ಬರೀ ರೇಖೆಯಂಥ ಟಿಪ್ಪಣಿ. ಮೊದಲನೆಯ ತುಣುಕು ‘ಸೋ ವಾಟ್’. ಅದರ ಸ್ವರಗಳನ್ನು ಕೇಳಿದರೆ ನಿನಗೆ ಗುರುತು ಹತ್ತುತ್ತದೆ, ನಿನ್ನಜ್ಜಿ ಮುಸ್ಸಂಜೆ ಹಾಡುತ್ತಿದ್ದ ಖರಹರಪ್ರಿಯ ರಾಗದ ಸ್ವರಗಳೇ ಅವು. ದಪ್ಪ ತಂತಿಯ ಬಾಸ್ ಏನೋ ಕೇಳುತ್ತದೆ, ಉಳಿದವರು ಎರಡೇ ಸ್ವರದಲ್ಲಿ ಉತ್ತರಿಸುತ್ತಾರೆ. ಹದಿನಾರು ಆವರ್ತ ಹೀಗೆ, ಎಂಟು ಆವರ್ತ ಅರ್ಧ ಸ್ವರ ಮೇಲೆ, ಎಂಟು ಮತ್ತೆ ಕೆಳಗೆ. ಆಮೇಲೆ ಕಹಳೆ, ಎರಡು ಸ್ಯಾಕ್ಸೋಫೋನ್, ಪಿಯಾನೋ. ಏಳೆಂಟು ನಿಮಿಷ ಕಳೆದ ಮೇಲೆ ಬಾಸ್ ಅದೇ ಪ್ರಶ್ನೆ ಕೇಳುತ್ತದೆ, ಅದೇ ಎರಡು ಸ್ವರ ಉತ್ತರ ಕೊಡುತ್ತವೆ. ಧಾಟಿ ಬದಲಾಗಿಲ್ಲ. ಆದರೆ ನಡುವೆ ನಡೆದದ್ದನ್ನೆಲ್ಲ ಕೇಳಿದ ನಿನಗೆ ಅದು ಮೊದಲಿನ ಹಾಗೆ ಕೇಳಿಸುವುದಿಲ್ಲ. ಚರಣ ಮುಗಿಸಿ ಪಲ್ಲವಿಗೆ ಬಂದಾಗ ಅದೇ ಮಾತು ಬೇರೆಯಾಗಿ ಕೇಳಿಸುವಂತೆ.

ಪತ್ತೇದಾರಿ ಕಥೆಯ ಕೊನೆಯ ಅಧ್ಯಾಯ ಹಾಗೆ ಬರಬೇಕು. ಹೊಸ ಸಂಗತಿ ತಂದು ಸುರಿಯುವ ಜಾಗವಲ್ಲ ಅದು. ಮೊದಲ ಅಧ್ಯಾಯದಲ್ಲಿ ನೀನೇ ಬರೆದ ಸಾಲನ್ನು ಒಂದಕ್ಷರ ತಿದ್ದದೆ ಅಲ್ಲಿ ಮತ್ತೆ ಇಡು.

ನಿನ್ನ ಕಥೆಯಲ್ಲೇ ತೋರಿಸುತ್ತೇನೆ. ಕೊಲೆ ನಡೆಯುವುದು ಅಡಿಕೆ ಕೊಯ್ಲಿನ ಕಾಲದಲ್ಲಿ, ಹಳೆಯ ಮನೆಯಲ್ಲಿ, ಅಂಗಳದ ತುಂಬ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುವ ಜನ. ಸತ್ತವನ ಭಾವ ‘ರಾತ್ರಿಯೆಲ್ಲ ಸುಲಿಯುತ್ತ ಕುಳಿತಿದ್ದೆ’ ಎನ್ನುತ್ತಾನೆ. ಮೊದಲ ಅಧ್ಯಾಯದಲ್ಲಿ ಅವನೇ ಸಬ್‌ಇನ್‌ಸ್ಪೆಕ್ಟರಿಗೆ ಕಾಫಿ ತಂದುಕೊಡುತ್ತಾನೆ. ಅಲ್ಲಿ ನೀನು ಬರೆದಿದ್ದೀಯೆ: ‘ಲೋಟ ಹಿಡಿದ ಬೆರಳುಗಳು ಬೆಳ್ಳಗೆ, ತೆಳ್ಳಗೆ ಇದ್ದವು.’ ಆ ಸಾಲು ಓದಿ ನಾನು ಪೆನ್ಸಿಲ್ ಕೆಳಗಿಟ್ಟೆ. ನಮ್ಮ ಅಂಗಳದಲ್ಲಿ ಎಷ್ಟು ಸಲ ನೋಡಿಲ್ಲ ನೀನು! ಹಸಿ ಅಡಿಕೆಯ ಚೊಗರು ಕೈಗೆ ಹತ್ತಿದರೆ ಸೋಪಿಗೆ ಜಗ್ಗುತ್ತದೆಯೇ? ದಿನಗಳು ಕಳೆದರೂ ಉಗುರಿನ ಸಂದಿಯಲ್ಲಿ ಕಪ್ಪು ಕುಳಿತಿರುತ್ತದೆ. ರಾತ್ರಿಯೆಲ್ಲ ಸುಲಿದವನ ಬೆರಳು ಬೆಳ್ಳಗಿರಲು ಸಾಧ್ಯವೇ ಇಲ್ಲ. ನಿನಗೇ ಗೊತ್ತಿಲ್ಲದೆ ನಿನ್ನ ಕೈ ಕೊಲೆಗಾರನನ್ನು ಮೊದಲ ಅಧ್ಯಾಯದಲ್ಲೇ ಹಿಡಿದುಕೊಟ್ಟಿದೆ. ಮುಂಬೈಯ ದಾಯಾದಿಯನ್ನು ಕೈಬಿಡು. ಸುಲಿಯುವ ಹೆಂಗಸರ ಕೈಯನ್ನು ನಡುವೆ ಒಂದೆರಡು ಕಡೆ ತೋರಿಸು, ಊಟಕ್ಕೆ ಕುಳಿತಾಗ, ಮಗುವಿನ ಕೆನ್ನೆ ಸವರಿದಾಗ. ಮಲೆನಾಡಿನ ಓದುಗನಿಗೆ ಅಲ್ಲೇ ಅನುಮಾನ ಹುಟ್ಟಿದರೆ ಹುಟ್ಟಲಿ, ಅದು ಅವನ ಹಕ್ಕು. ಕೊನೆಯಲ್ಲಿ ಆ ಲೋಟದ ಸಾಲು ಮತ್ತೆ ಬರಲಿ.

ಪೊಲೀಸರ ಕೆಲಸದಲ್ಲಿ ತಪ್ಪುಗಳಿವೆ. ನಿನ್ನ ಕಥೆ ನಡೆಯುವುದು ಕಳೆದ ವರ್ಷ, ಆದರೆ ಸೆಕ್ಷನ್ 302 ಎಂದು ಬರೆದಿದ್ದೀಯೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಈಗ ಸೆಕ್ಷನ್ 103. ಅಸಹಜ ಸಾವಿನ ವಿಚಾರಣೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 194ರಲ್ಲಿ ಬರುತ್ತದೆ. ಶವದ ಮಹಜರಿಗೆ ಪಂಚರನ್ನು ಕರೆಯುತ್ತಾರೆ, ಊರಿನವರೇ ಇಬ್ಬರು ಮೂವರು ನಿಂತು ಸಹಿ ಹಾಕುತ್ತಾರೆ. ನಿನ್ನಲ್ಲಿ ಆ ದೃಶ್ಯವೇ ಇಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಇದ್ದಾರೆ, ಮಹಜರು ಬರೆಯುವಾಗ ನೆರೆಯವರ ಮುಖ ಹೇಗೆ ಬಿಳಿಚಿಕೊಳ್ಳುತ್ತದೆಂದು ಅವರ ಬಾಯಲ್ಲೇ ಕೇಳಬೇಕು.

ಎಷ್ಟು ಹೊತ್ತಿಗೆ ಬರೆಯುತ್ತೀರಿ ಎಂದು ಕೇಳಿದ್ದೀಯೆ. ನಾಲ್ಕೂವರೆಗೆ ಏಳುತ್ತೇನೆ, ಹಾಲು ಕರೆಯುವ ಹೊತ್ತಾಗುವವರೆಗೆ ಬರೆಯುತ್ತೇನೆ, ಎರಡು ಪುಟ. ಆಮೇಲೆ ಮನೆ, ಕೊಟ್ಟಿಗೆ, ತೋಟ. ಕೈ ಕೆಲಸ ಮಾಡುವಾಗ ಕಥೆ ತಾನಾಗಿ ಕುದಿಯುತ್ತಿರುತ್ತದೆ, ಅದನ್ನು ಕಲಕಬಾರದು. ಜಾಜ್ ರಾತ್ರಿ ಊಟವಾದ ಮೇಲೆ ಮಾತ್ರ. ಬರೆಯುವಾಗ ಹಾಕಿಕೊಳ್ಳಬೇಡ, ಅದು ಗಮನ ಕೊಟ್ಟು ಕೇಳಬೇಕಾದ ಸಂಗೀತ.

ಇನ್ನು ‘ಪತ್ತೇದಾರಿ ಎಲ್ಲಿಯ ಸಾಹಿತ್ಯ’ ಎಂದ ಆ ಎರಡನೆಯವರ ಮಾತು. ನನಗೆ ಅದನ್ನು ಓದಿ ಸಿಟ್ಟೇ ಬಂತು. ನಾಲ್ಕನೆಯ ತರಗತಿಯವರೆಗೆ ಓದಿದ ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಪುಸ್ತಕ ಮುಟ್ಟದವರ ಕೈಗೆ ಕನ್ನಡ ಪುಸ್ತಕ ಕೊಟ್ಟರು. ನನ್ನ ಅಪ್ಪ ಅಕ್ಷರ ಕೂಡಿಸಿ ಓದಲು ಕಲಿತದ್ದು ಅವರ ಪುಸ್ತಕಗಳಲ್ಲಿ. ಪತ್ತೇದಾರಿ ಹೊರಗಿನಿಂದ ಬಂದ ಪ್ರಕಾರ ಎಂದು ಕೆಲವರು ಹೇಳುವ ಮಾತೂ ನಿಲ್ಲುವುದಿಲ್ಲ. ಸ್ಯಾಕ್ಸೋಫೋನ್ ಎಲ್ಲಿಯದು? ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮನಸೋತು, ಗಮಕ ಹಿಡಿಯದ ಆ ವಾದ್ಯವನ್ನು ಪಳಗಿಸಿ ತ್ಯಾಗರಾಜರ ಕೀರ್ತನೆ ನುಡಿಸಿದರು. ಜಾಜ್‌ನವರ ಜೊತೆಗೂ ಸರಿಸಮನಾಗಿ ಕುಳಿತು ನುಡಿಸಿದರು. ಅವರ ನುಡಿಸಾಣಿಕೆ ಕೇಳಿದವರು ಯಾರೂ ಅದನ್ನು ಪರದೇಶದ ವಾದ್ಯ ಎನ್ನಲಾರರು. ನಿನ್ನ ಕಥೆಯಲ್ಲಿ ಅಡಿಕೆಯ ಚೊಗರು ಇರುವವರೆಗೆ ಅದು ಈ ಮಣ್ಣಿನದೇ.

ಮಳೆ ಸ್ವಲ್ಪ ಇಳಿದಿದೆ. ಹಸ್ತಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಾಳೆ ಸ್ಪೀಡ್ ಪೋಸ್ಟಿಗೆ ಹಾಕಿಸುತ್ತೇನೆ, ಪೆನ್ಸಿಲ್ ಗುರುತುಗಳು ಅಂಚಿನಲ್ಲಿವೆ. ಗೌರಿ ಹಬ್ಬಕ್ಕೆ ಹೇಗೂ ಊರಿಗೆ ಬರುತ್ತೀಯಲ್ಲ, ಎರಡನೆಯ ಭಾನುವಾರ ಕೂಡಿಬಂದರೆ ನನ್ನ ಜೊತೆ ಶಿವಮೊಗ್ಗಕ್ಕೆ ಹೊರಡು. ಮೂರು ಗಂಟೆಗೆ ಓದು ಶುರು. ಮೊದಲ ಅಧ್ಯಾಯ ಮತ್ತು ಕೊನೆಯ ಅಧ್ಯಾಯ ಎರಡನ್ನು ಮಾತ್ರ ತಾ. ಆ ಶಿಕ್ಷಕಿಗೆ ಈಗ ಎಂಬತ್ತಮೂರು, ಕಿವಿ ಸ್ವಲ್ಪ ಮಂದ. ಅವರ ಪಕ್ಕದಲ್ಲೇ ಕುಳಿತು ಲೋಟದ ಸಾಲನ್ನು ನಿಧಾನವಾಗಿ ಓದು.

ನಿನ್ನ
ದೊಡ್ಡಮ್ಮ