ಸೋಮವಾರದಿಂದ ಶೇರ್ಡ್ ಫೋಲ್ಡರ್‌ಗಳಿಗೆ ಲಾಗ್

ಎಲ್ಲರಿಗೂ ನಮಸ್ಕಾರ.

ಬರುವ ಸೋಮವಾರ ಬೆಳಿಗ್ಗೆಯಿಂದ ಫೈಲ್ ಸರ್ವರ್‌ನ 'ಲೆಕ್ಕಪತ್ರ' ಮತ್ತು 'ಸಿಬ್ಬಂದಿ' ಫೋಲ್ಡರ್‌ಗಳಲ್ಲಿ ಯಾರು ಯಾವ ಫೈಲ್ ತೆರೆದರು, ತಿದ್ದಿದರು, ಅಳಿಸಿದರು ಎಂಬುದು ವಿಂಡೋಸ್ ಸೆಕ್ಯುರಿಟಿ ಲಾಗ್‌ನಲ್ಲಿ (ಸರ್ವರ್ ತಾನೇ ಬರೆದಿಡುವ ದಾಖಲೆ ಪಟ್ಟಿ) ದಾಖಲಾಗುತ್ತದೆ. ಉಳಿದವಕ್ಕೆ ಸದ್ಯಕ್ಕಿಲ್ಲ. ಎಲ್ಲಕ್ಕೂ ಹಾಕಿದರೆ ಲಾಗ್ ಬೇಗ ತುಂಬಿ, ಬೇಕಾದಾಗ ಹಳೆಯ ದಾಖಲೆ ಸಿಗುವುದಿಲ್ಲ.

ಲಾಗ್‌ನಲ್ಲಿ ಪ್ರತಿ ಬಗೆಯ ಘಟನೆಗೂ (ಇವೆಂಟ್) ಒಂದು ಸಂಖ್ಯೆ ಇರುತ್ತದೆ. ಫೈಲ್ ಬಳಸಿದ್ದನ್ನು ಹೇಳುವ ಇವೆಂಟ್ 4663ರಲ್ಲಿ ಲಾಗಿನ್ ಹೆಸರು, ಫೈಲ್‌ನ ಪೂರ್ತಿ ಪಾತ್ (ಅದು ಇರುವ ಜಾಗ), ಸಮಯ ಇರುತ್ತವೆ. ಅಳಿಸಿದ್ದು 4660ರಲ್ಲಿ ಬರುತ್ತದೆ. ಅದರಲ್ಲಿ ಫೈಲ್ ಹೆಸರಿಲ್ಲ, 4663ರ ಜೊತೆ ಹೊಂದಿಸಿ ನೋಡಬೇಕು. ಯಾವ ಐಪಿಯಿಂದ (ಕಂಪ್ಯೂಟರ್‌ನ ನೆಟ್‌ವರ್ಕ್ ವಿಳಾಸ) ಬಂದರು ಎಂಬುದು 5140ರಲ್ಲಿ. ಫೈಲಿನೊಳಗೆ ನೀವೇನು ಬರೆದಿರಿ ಎಂಬುದು ಎಲ್ಲೂ ಬರುವುದಿಲ್ಲ. ನಿಮ್ಮ ಬ್ರೌಸರ್, ವಾಟ್ಸಾಪ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಗಾಬರಿ ಬೇಡ. ಪ್ರಿವ್ಯೂನಲ್ಲಿ ಇಣುಕಿದರೂ 'ಓದಿದರು' ಎಂದೇ ಬೀಳುತ್ತದೆ, ಹಾಗಾಗಿ ಒಂದು ಸಾಲು ನೋಡಿ ಯಾರನ್ನೂ ದೂರುವಂತಿಲ್ಲ.

ಮುಖ್ಯ ವಿಷಯ: ಲಾಗ್‌ಗೆ ಗೊತ್ತಿರುವುದು ಲಾಗಿನ್ ಮಾತ್ರ, ಕುರ್ಚಿಯಲ್ಲಿ ಕೂತವರಲ್ಲ. ಕೌಂಟರ್ ಪಿಸಿಯಲ್ಲಿ ಮೂವರು ಒಂದೇ ಲಾಗಿನ್ ಬಳಸುತ್ತಿರುವುದು ಇನ್ನು ನಡೆಯುವುದಿಲ್ಲ. ಶುಕ್ರವಾರದೊಳಗೆ ನಿಮ್ಮದೇ ಲಾಗಿನ್ ಮಾಡಿಸಿಕೊಳ್ಳಿ, ಪಾಸ್‌ವರ್ಡ್ ಬದಲಿಸಿ, ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ 'ಎಲ್' ಒತ್ತಿ ಲಾಕ್ ಮಾಡಿ. ಮಾನಿಟರ್‌ಗೆ ಅಂಟಿಸಿರುವ ಆ ಹಳದಿ ಚೀಟಿಗಳನ್ನೂ ದಯವಿಟ್ಟು ಕಿತ್ತು ಹಾಕಿ.

ಈ ಎರಡು ಫೋಲ್ಡರ್ ಬಳಸುವವರು 'ನೋಡಿದೆ' ಎಂದು ಇಲ್ಲೇ ಹಾಕಿ. ಹೊಸ ಲಾಗಿನ್ ಬೇಕಾದವರು ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಪಾಸ್‌ವರ್ಡ್ ಮಾತ್ರ ಗ್ರೂಪ್‌ಗೆ ಹಾಕಬೇಡಿ!