ಮೊದಲ ಕ್ಯಾಮೆರಾ ಕೊಳ್ಳುವವರಿಗೆ: ಭಾನುವಾರ ಕೋಟೆ ಹತ್ತಿರ ಸೇರೋಣ

ಎಲ್ಲರಿಗೂ ಶರಣು.

ಹೊಸದಾಗಿ ಸೇರಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಮೊದಲ ಕ್ಯಾಮೆರಾ ಯಾವುದು ತಗೊಳ್ಳಲಿ? ಬರುವ ಭಾನುವಾರ ಬೆಳಿಗ್ಗೆ 6 ಗಂಟೆಗೆ ಕೊಪ್ಪಳ ಕೋಟೆಯ ಬುಡದಲ್ಲಿ ಸೇರಿ ಮಾತಾಡೋಣ. ಕ್ಯಾಮೆರಾ ಇದ್ದವರು ಚಾರ್ಜ್ ಮಾಡಿ ತನ್ನಿ. ಹೊಸಬರು ಖಾಲಿ ಮೆಮೊರಿ ಕಾರ್ಡ್ ತಂದರೆ ಸಾಕು. ನಾಲ್ಕೈದು ಕ್ಯಾಮೆರಾ ಕೈಯಲ್ಲಿ ಹಿಡಿದು ನೋಡಿ, ಹಿಡಿತ ಕೂಡದಿದ್ದರೆ ಎಷ್ಟು ದುಬಾರಿಯದಾದರೂ ಕಪಾಟಿನಲ್ಲೇ ಕೂರುತ್ತದೆ, ಅಲ್ವಾ?

ಅಲ್ಲಿಯವರೆಗೆ ಯಾರೂ ಮುಂಗಡ ಕೊಡಬೇಡಿ. ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ, 24 ಇದ್ದರೆ ಧಾರಾಳ. ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್, ಎಷ್ಟು ದೊಡ್ಡದು ನೋಡಿ. ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರ್ ಸುಮಾರು 24 ಮಿ.ಮೀ. ಅಗಲ, ಫುಲ್ ಫ್ರೇಮ್ ಅನ್ನುವ ದೊಡ್ಡದು 36. ಕಲಿಯಲು ಚಿಕ್ಕದೇ ಸಾಕು. ಉಳಿದ ದುಡ್ಡು ಲೆನ್ಸಿಗೆ ಹಾಕಿ. 18-55 ಎಂಎಂ ಜೂಮ್ ಲೆನ್ಸಿನ ಜೊತೆಗೆ ಮಂದ ಬೆಳಕಿಗೊಂದು 50 ಎಂಎಂ ಎಫ್1.8 (ಬಾಯಿ ಅಗಲವಾಗಿ ತೆರೆದು ಹೆಚ್ಚು ಬೆಳಕು ಬಿಡುವ ಲೆನ್ಸ್) ಇದ್ದರೆ ಮದುವೆ ಮನೆಗೂ ಆಯ್ತು, ಜಾತ್ರೆಗೂ ಆಯ್ತು. ಎಪಿಎಸ್-ಸಿಯಲ್ಲಿ ಈ 50 ಎಂಎಂ ಲೆನ್ಸ್, ಫುಲ್ ಫ್ರೇಮಿನಲ್ಲಿ 75 ಎಂಎಂ ತೋರಿಸುವಷ್ಟು ಹತ್ತಿರ ತೋರಿಸುತ್ತದೆ, ಮುಖಚಿತ್ರಕ್ಕೆ ಚೆನ್ನ.

ಸೆಕೆಂಡ್ ಹ್ಯಾಂಡ್ ನೋಡುವವರು ಶಟರ್ (ಫೋಟೊ ತೆಗೆಯುವಾಗ ತೆರೆದು ಮುಚ್ಚುವ ಪರದೆ) ಎಷ್ಟು ಸಲ ಓಡಿದೆ ಎಂದು ಕೇಳಿ, ಲೆನ್ಸನ್ನು ಬೆಳಕಿಗೆ ಹಿಡಿದು ಬೂಷ್ಟು ಇದೆಯಾ ನೋಡಿ. ಇನ್ನೊಂದು ಮಾತು. ನಿಕಾನ್ ಡಿ3500ರಂಥ ಮಾದರಿಗಳಲ್ಲಿ ಕ್ಯಾಮೆರಾದೊಳಗೆ ಫೋಕಸ್ ಮೋಟಾರ್ ಇಲ್ಲ. ತನ್ನದೇ ಮೋಟಾರ್ ಇಲ್ಲದ ನಿಕಾನಿನ ಹಳೆಯ ಎಎಫ್-ಡಿ ಲೆನ್ಸ್ ಅಗ್ಗ ಅಂತ ಕೊಂಡರೆ ಫೋಕಸ್ ಕೈಯಿಂದಲೇ ತಿರುಗಿಸಬೇಕು.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಬಜೆಟ್ ಎರಡನ್ನೂ ಇಲ್ಲೇ ಹಾಕಿ. ಸುಮ್ನೆ ಹೆಬ್ಬೆಟ್ಟು ಒತ್ತಬೇಡಿ, ಯಾರು ಬರುತ್ತಾರೆ ಅಂತ ಗೊತ್ತಾಗುವುದಿಲ್ಲ. ಗಂಗಾವತಿ ಕಡೆಯವರು ಒಂದೇ ಗಾಡಿ ಮಾಡಿಕೊಂಡು ಬನ್ನಿ.