ತರಬೇತಿ ರಾತ್ರಿ ಪಾಳಿಯವರಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಜುಲೈ 30 ಮಾನವ ಕಳ್ಳಸಾಗಣೆ ವಿರೋಧಿ ದಿನ. ಅದರ ಆಸುಪಾಸಿನಲ್ಲಿ ಇಲಾಖೆಗಳು ತರಬೇತಿ ಶಿಬಿರ ನಡೆಸುತ್ತವೆ. ಹಿರಿಯ ಅಧಿಕಾರಿಗಳು ಬರುತ್ತಾರೆ, ಪರದೆಯ ಮೇಲೆ ಸರಪಳಿ ಬಿಗಿದ ಹುಡುಗಿಯ ಚಿತ್ರ ಮೂಡುತ್ತದೆ, ಸಂಜೆಗೆ ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ. ಸಂತ್ರಸ್ತರ ಆಶ್ರಯಧಾಮದಲ್ಲಿ ಆಪ್ತ ಸಮಾಲೋಚಕಿಯಾಗಿ ದುಡಿದು ನಿವೃತ್ತಳಾದ ನನ್ನ ತಕರಾರು ಇಷ್ಟೆ: ಕಲಿಯಬೇಕಾದವರು ಆ ಸಭಾಂಗಣದಲ್ಲಿ ಇರುವುದೇ ಇಲ್ಲ.

ತಪ್ಪಿಸಿಕೊಂಡು ಬಂದವರಿಗೆ ಮೊದಲು ಎದುರಾಗುವವರು ರಾತ್ರಿ ಪಾಳಿಯ ಕಾನ್‌ಸ್ಟೆಬಲ್, ತುರ್ತು ಚಿಕಿತ್ಸೆಯ ನರ್ಸ್, ಆಸ್ಪತ್ರೆಯ ಚೀಟಿ ಬರೆಯುವವರು. ಇವರಿಗೆ ಶಿಬಿರಕ್ಕೆ ಬರಲು ರಜೆಯೂ ಸಿಗುವುದಿಲ್ಲ, ಕರೆಯೂ ಬರುವುದಿಲ್ಲ. ಒಬ್ಬಾಕೆಯನ್ನು ಗಾಯವೆಂದು ಕರೆತಂದವನು ಎಲ್ಲ ಪ್ರಶ್ನೆಗೂ ತಾನೇ ಉತ್ತರ ಕೊಡುತ್ತಿದ್ದಾನೆ, ಆಕೆಯ ಗುರುತಿನ ಚೀಟಿ ಅವನ ಜೇಬಿನಲ್ಲಿದೆ, ಪರೀಕ್ಷೆಯ ಕೋಣೆಯಿಂದಲೂ ಹೊರಗೆ ಹೋಗಲು ಒಪ್ಪುವುದಿಲ್ಲ ಎಂದಿಟ್ಟುಕೊಳ್ಳಿ. ಏನಾದರೊಂದು ನೆಪ ಹೇಳಿ ಅವನನ್ನು ಹೊರಗೆ ಕೂರಿಸಿ, ಆಕೆಯೊಬ್ಬಳನ್ನೇ ಮಾತಾಡಿಸುವುದು ನರ್ಸ್‌ಗೆ ಗೊತ್ತಿರಬೇಕು. ಆಕೆಯ ಭಾಷೆ ಬೇರೆಯಾದರೆ, ಜೊತೆಗೆ ಬಂದವನನ್ನೇ ದುಭಾಷಿ ಮಾಡಿಕೊಳ್ಳಬಾರದು ಎಂಬುದೂ ಗೊತ್ತಿರಬೇಕು. ಈ ಎರಡನೆಯದನ್ನು ಎಷ್ಟು ಸಲ ಹೇಳಿದರೂ ಸಾಲದು.

ಆ ಸರಪಳಿಯ ಚಿತ್ರವನ್ನೂ ದಯವಿಟ್ಟು ತೆಗೆಯಿರಿ. ನಾನು ಕಂಡವರ ಕೈಗೆ ಸರಪಳಿ ಇರಲಿಲ್ಲ, ಸಾಲವಿತ್ತು; ಊರಲ್ಲಿರುವ ತಂಗಿಯ ಹೆಸರು ಹೇಳಿ ಹಾಕಿದ ಬೆದರಿಕೆ ಇತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತದರ ಸಹಭಾಗಿಗಳ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೆಯಲ್ಲಿದ್ದರು. ಲೈಂಗಿಕ ಶೋಷಣೆಗೆ ಸಿಕ್ಕವರು ಅವರಲ್ಲಿ 63 ಲಕ್ಷ. ಖಾಸಗಿಯವರ ಇತರ ಕೆಲಸಗಳಲ್ಲಿ, ಅಂದರೆ ಕಟ್ಟಡ, ಹೊಲ, ಕಾರ್ಖಾನೆ, ಮನೆಗೆಲಸ, ಮೀನುಗಾರಿಕೆ ದೋಣಿಗಳಲ್ಲಿ ಸಿಕ್ಕಿಬಿದ್ದವರು 1 ಕೋಟಿ 73 ಲಕ್ಷ. ಇವರಲ್ಲಿ ಗಂಡಸರು ಬಹಳ. ಸಂಬಳ ತಡೆಹಿಡಿಯುವುದು, ದಾಖಲೆ ಕಿತ್ತಿಟ್ಟುಕೊಳ್ಳುವುದು, ಸಾಲದಲ್ಲಿ ಕಟ್ಟಿಹಾಕುವುದು ಸೇರಿದಂತೆ ಅದೇ ಸಂಘಟನೆ 11 ಸೂಚಕಗಳನ್ನು ಪಟ್ಟಿ ಮಾಡಿದೆ. ಒಂದು ಹಾಳೆಯಲ್ಲಿ ಹಿಡಿಯುವ ಈ ಪಟ್ಟಿ ಎಲ್ಲ ಠಾಣೆಯ ಗೋಡೆಯ ಮೇಲೂ ಇರಬೇಕಿತ್ತು. ನಾನು ಹೋದ ಠಾಣೆಗಳಲ್ಲಿ ಕಾಣಲಿಲ್ಲ.

ಠಾಣೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಮಾತು "ಇವಳು ಸುಳ್ಳು ಹೇಳ್ತಿದ್ದಾಳೆ ಮೇಡಂ" ಎಂಬುದು. ನಿನ್ನೆ ಹೇಳಿದ ತಾರೀಖು ಇವತ್ತು ಬೇರೆಯಾಗಿದೆ, ಕಣ್ಣಲ್ಲಿ ನೀರಿಲ್ಲ, ಕೇಳಿದರೆ ನಗುತ್ತಾಳೆ, ಮಾರಿದವನನ್ನೇ ಒಳ್ಳೆಯವನು ಅನ್ನುತ್ತಾಳೆ ಎಂದು ಪಟ್ಟಿ ಕೊಡುತ್ತಿದ್ದರು. ತಿಂಗಳುಗಟ್ಟಲೆ ಹೆದರಿಕೆಯಲ್ಲಿ ಬದುಕಿದವರ ನೆನಪು ಚೂರುಚೂರಾಗಿಯೇ ಬರುತ್ತದೆ. ಮೊದಲ ದಿನ ಅರ್ಧ ಹೇಳಿ, ನಂಬಿಕೆ ಹುಟ್ಟಿದ ಮೇಲೆ ಉಳಿದರ್ಧ ಹೇಳುತ್ತಾರೆ. ಇದನ್ನು ತಿಳಿಯದ ತನಿಖಾಧಿಕಾರಿ ಮೂರು ಹೇಳಿಕೆ ಬರೆಸಿಕೊಂಡರೆ, ಆರೋಪಿಯ ವಕೀಲರು ಪಾಟಿ ಸವಾಲಿನಲ್ಲಿ ಆ ಮೂರನ್ನೂ ಒಂದಕ್ಕೊಂದು ಎದುರು ನಿಲ್ಲಿಸುತ್ತಾರೆ. ಪ್ರಕರಣ ಅಲ್ಲಿಗೆ ಮುಗಿಯಿತು. ಹೇಳಿಕೆ ಪಡೆಯುವ ಕೌಶಲವನ್ನು ಅಭ್ಯಾಸ ಮಾಡಿಸಿಯೇ ಕಲಿಸಬೇಕು, ಭಾಷಣದಿಂದ ಬರುವುದಲ್ಲ. ಬದುಕುಳಿದು ಬಂದವರು ಒಪ್ಪುವುದಾದರೆ ಅವರೇ ಪಾಠ ಮಾಡಲಿ, ಅವರಿಗೆ ಗೌರವಧನವೂ ಇರಲಿ. ವೇದಿಕೆಗೆ ಕರೆದು ಕಥೆ ಹೇಳಿಸಿ ಕಣ್ಣೊರೆಸಿಕೊಳ್ಳುವುದು ಮಾತ್ರ ಬೇಡ.

ತರಬೇತಿ ಯಾರ ಕೃಪೆಯೂ ಅಲ್ಲ. ಮಾನವ ಕಳ್ಳಸಾಗಣೆ ತಡೆಯಲೆಂದು ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ ಪಲೆರ್ಮೊ ಒಡಂಬಡಿಕೆಯ 10ನೇ ವಿಧಿ, ಅದನ್ನು ಒಪ್ಪಿದ ದೇಶಗಳು ಪೊಲೀಸರಿಗೂ ವಲಸೆ ಅಧಿಕಾರಿಗಳಿಗೂ ಸಂಬಂಧಪಟ್ಟ ಇತರರಿಗೂ ತರಬೇತಿ ಕೊಡಲೇಬೇಕು ಎನ್ನುತ್ತದೆ. ಸಂತ್ರಸ್ತರ ಹಕ್ಕುಗಳ ರಕ್ಷಣೆಯೂ ಆ ಪಾಠದಲ್ಲಿ ಬರಬೇಕು. ಮೋಸ, ಬಲವಂತ ನಡೆದಿದ್ದರೆ "ನೀನೇ ಒಪ್ಪಿ ಹೋಗಿದ್ದೆಯಲ್ಲ" ಎಂಬ ಪ್ರಶ್ನೆಗೆ ಬೆಲೆಯಿಲ್ಲ. 18 ತುಂಬದವರ ವಿಷಯದಲ್ಲಿ ಮೋಸ ನಡೆದಿದೆಯೆಂದು ತೋರಿಸುವುದೂ ಬೇಕಿಲ್ಲ. ಇದೂ ಅದೇ ಒಡಂಬಡಿಕೆಯ ಮಾತು. ಯಜಮಾನ ಕೊಟ್ಟ ಖೋಟಾ ಪಾಸ್‌ಪೋರ್ಟ್ ಹಿಡಿದು ಬಂದವಳನ್ನು ಆರೋಪಿ ಮಾಡಬಾರದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2002ರಲ್ಲೇ ಹೇಳಿದೆ. ಯುರೋಪ್ ಪರಿಷತ್ತಿನ 2005ರ ಒಪ್ಪಂದವಂತೂ ಅಂಥ ವಿದೇಶಿಯರಿಗೆ ಚೇತರಿಸಿಕೊಂಡು ಯೋಚಿಸಲು ಕನಿಷ್ಠ 30 ದಿನ ಕೊಡುತ್ತದೆ. ಅಷ್ಟರೊಳಗೆ ಗಡೀಪಾರು ಮಾಡುವಂತಿಲ್ಲ. ನಾನು ನೋಡಿದ ಕಡೆಯೆಲ್ಲ ಆತುರವೇ. ಬಿಡಿಸಿ ತಂದ ರಾತ್ರಿಯೇ ಹೇಳಿಕೆ, ಮರುದಿನ ಗುರುತು ಪತ್ತೆ, ಸಾಲದ್ದಕ್ಕೆ ಪತ್ರಕರ್ತರ ಕ್ಯಾಮೆರಾ. ನಿಮ್ಮ ವರದಿಗಾರರಿಗೂ ಅರ್ಧ ದಿನ ಈ ಪಾಠವಾದರೆ ಒಳ್ಳೆಯದು ಎಂದರೆ ಬೇಸರಿಸಬೇಡಿ.

ಎಷ್ಟು ಜನರಿಗೆ ಪ್ರಮಾಣಪತ್ರ ಕೊಟ್ಟಿರಿ ಎಂಬ ಲೆಕ್ಕ ನನಗೆ ಬೇಡ. ಶಿಬಿರ ಮುಗಿದ ಮೇಲೆ ಒಂದು ವರ್ಷ ಬಿಟ್ಟು ಅದೇ ಠಾಣೆಯ, ಅದೇ ಆಸ್ಪತ್ರೆಯ ಕಡತ ತೆಗೆದು ನೋಡಿ: ಒಬ್ಬರಿಂದ ಎಷ್ಟು ಹೇಳಿಕೆ ಪಡೆದರು, ದುಭಾಷಿ ಯಾರು, ಆಶ್ರಯಧಾಮಕ್ಕೆ ಎಷ್ಟು ಗಂಟೆಯಲ್ಲಿ ಫೋನ್ ಹೋಯಿತು, ಸಂತ್ರಸ್ತರ ಮೇಲೆಯೇ ಕೇಸು ಬಿದ್ದಿದೆಯೇ. ಆ ಉತ್ತರಗಳನ್ನು ಮುಂದಿನ ಜುಲೈನಲ್ಲಿ ಪ್ರಕಟಿಸಿ. ಇದಕ್ಕೆ ಹೊಸ ಅನುದಾನವೇನೂ ಬೇಕಾಗಿಲ್ಲ.

ಇತಿ,
ನಿವೃತ್ತ ಆಪ್ತ ಸಮಾಲೋಚಕಿ
(ಹೆಸರು ಪ್ರಕಟಿಸದಿರಲು ಕೋರಿಕೆ)